ನೀರು ಜಾಸ್ತಿ ಕುಡಿದರೆ ಜಿಎಫ್‌ಆರ್ ಏರುತ್ತದಾ?

ಪ್ರಶ್ನೆ: ಅಮ್ಮನಿಗೆ 70 ವರ್ಷ. ಕಿಡ್ನಿ ಟೆಸ್ಟಿನ ರಿಪೋರ್ಟಿನಲ್ಲಿ ಇಜಿಎಫ್‌ಆರ್ 54 ಬಂದಿದೆ. ದಿನಕ್ಕೆ ಐದು ಲೀಟರ್ ನೀರು ಕುಡಿಸಿದರೆ ಸರಿಹೋಗುತ್ತದಾ?

ಇಲ್ಲ. ಇದನ್ನೇ ಬರೆದು ಬರೆದು ಸಾಕಾಗಿದೆ. ಆದರೂ ‘ಕಿಡ್ನಿ ತೊಳೆಯುವ’ ವಾಟ್ಸಾಪ್ ಮೆಸೇಜು ಓಡಾಡುತ್ತಲೇ ಇದೆ.

ಕಿಡ್ನಿ ರಕ್ತದಿಂದ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ದ್ರವ ಸೋಸುತ್ತದೆ ಅನ್ನುವುದೇ ಜಿಎಫ್‌ಆರ್. ರಿಪೋರ್ಟಿನ ಇಜಿಎಫ್‌ಆರ್ ಅಂದರೆ ಅದರ ಅಂದಾಜು ಲೆಕ್ಕ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ ಹೋಗುತ್ತದೆ. ಅದರಲ್ಲಿ ಒಂದೆರಡು ಲೀಟರ್ ಮೂತ್ರ, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ನೀವು ಎರಡು ಲೀಟರ್ ಜಾಸ್ತಿ ಕುಡಿದರೆ ವಾಪಸ್ ಹೋಗುವುದು ಅಷ್ಟು ಕಮ್ಮಿಯಾಗುತ್ತದೆ, ಅಷ್ಟೆ. ಕಾಫಿ ಫಿಲ್ಟರಿಗೆ ನೀರು ಜಾಸ್ತಿ ಸುರಿದರೆ ಡಿಕಾಕ್ಷನ್ ತೆಳ್ಳಗಾಗುತ್ತದೆ, ಫಿಲ್ಟರ್ ಹೊಸದಾಗುವುದಿಲ್ಲ ಅಲ್ವಾ?

ಕೆನಡಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕಿಡ್ನಿ ತೊಂದರೆ ಇದ್ದ ಆರುನೂರಕ್ಕೂ ಹೆಚ್ಚು ಜನ, ಒಂದು ವರ್ಷ. 2018ರಲ್ಲಿ ಫಲಿತಾಂಶ ಬಂತು. ನೀರು ಜಾಸ್ತಿ ಕುಡಿಯಲು ಹೇಳಿದ ಗುಂಪಿನಲ್ಲೂ ಜಿಎಫ್‌ಆರ್ ಇಳಿಯುವುದು ನಿಧಾನವಾಗಲಿಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ವಾಂತಿ-ಭೇದಿಯಾಗಿ ಮೈಯಲ್ಲಿ ನೀರು ಕಮ್ಮಿಯಾದಾಗ ಜಿಎಫ್‌ಆರ್ ಇಳಿಯುತ್ತದೆ, ಒಆರ್‌ಎಸ್ ಕುಡಿದರೆ ಚೇತರಿಸಿಕೊಳ್ಳುತ್ತದೆ. ಕಿಡ್ನಿ ಸ್ಟೋನ್ ಆದವರಿಗೂ ನೀರು ಬೇಕೇ ಬೇಕು. ಇವೆರಡನ್ನೂ ಊರಿಗೆಲ್ಲ ಅಂಟಿಸಿಬಿಟ್ಟರು. ಹಾರ್ಟ್ ವೀಕ್ ಇರುವ ಅಜ್ಜಿಗೆ ಐದು ಲೀಟರ್ ಕುಡಿಸಿ ನೋಡಿ, ಕಾಲು ಊದಿ, ಉಸಿರು ಕಟ್ಟಿ, ರಾತ್ರಿ ಎಮರ್ಜೆನ್ಸಿಗೆ ಓಡಬೇಕಾದೀತು. ಸೋಡಿಯಂ ಇಳಿದು ಮಂಕು ಬಡಿಯುವುದೂ ಉಂಟು.

ಕಿಡ್ನಿ ಕೆಡಿಸುವುದು ಹೆಚ್ಚಾಗಿ ಶುಗರ್, ಬಿಪಿ. ಜೊತೆಗೆ ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು ಸುಮ್ನೆ ನುಂಗುವ ಡೈಕ್ಲೋಫೆನಾಕ್. ಇವನ್ನೆಲ್ಲ ಬಿಟ್ಟು ನೀರಿನ ಚೊಂಬು ಹಿಡಿದರೆ ಏನು ಬಂತು?

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಇಜಿಎಫ್‌ಆರ್ ಅನ್ನು ನೇರವಾಗಿ ಅಳೆಯುವುದಿಲ್ಲ; ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಒಂದು ಕಸ), ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೂತ್ರಕ್ಕೆ ಹಾಕಿ ಲೆಕ್ಕ ಹಾಕುತ್ತಾರೆ. ಅಮ್ಮನ ಕ್ರಿಯಾಟಿನಿನ್ 1.1 ಇದ್ದೀತು. ಎಷ್ಟೋ ಲ್ಯಾಬುಗಳಲ್ಲಿ ಅದು ನಾರ್ಮಲ್. 25ರ ಹುಡುಗನಿಗೂ ಅದೇ 1.1 ಬಂದರೆ, 2021ರಲ್ಲಿ ಬಂದ ಸೂತ್ರದ ಪ್ರಕಾರ ಅವನ ಇಜಿಎಫ್‌ಆರ್ 95ರ ಆಸುಪಾಸು! ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ವಯಸ್ಸಾದ ಹೆಂಗಸರಲ್ಲಿ ಖಂಡ ಕಮ್ಮಿ, ಹುಟ್ಟುವುದೂ ಕಮ್ಮಿ. ಆದರೂ 1.1 ಇದೆ ಅಂದರೆ ಹೊರಗೆ ಹೋಗುವುದು ನಿಧಾನವಾಗಿದೆ ಅಂತ ಸೂತ್ರ ಲೆಕ್ಕ ಹಾಕುತ್ತದೆ. ಹಿಂದಿನ ರಾತ್ರಿಯ ಮಟನ್ ಊಟವೂ ಈ ಲೆಕ್ಕ ತಪ್ಪಿಸಬಲ್ಲದು. ಹಾಗಾಗಿ ಒಂದೇ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ. ಅಮ್ಮನನ್ನು ಡಾಕ್ಟರಿಗೆ ತೋರಿಸಿ, ಮೂತ್ರದ ಆಲ್ಬುಮಿನ್ (ಒಂದು ಪ್ರೋಟೀನ್) ಪರೀಕ್ಷೆ ಮಾಡಿಸಿ. ಮೂರು ತಿಂಗಳಾದ ಮೇಲೂ ಇಜಿಎಫ್‌ಆರ್ 60ಕ್ಕಿಂತ ಕೆಳಗೇ ಇದ್ದರೆ ಆಗ ಅದಕ್ಕೆ ಕಿಡ್ನಿ ಕಾಯಿಲೆ ಅನ್ನುತ್ತಾರೆ.