ಸಮುದ್ರಕ್ಕೆ 400 ಮೀಟರ್, ನಡುವೆ ಒಂದು ಹೊಳೆ: ಉಡುಪಿಯಲ್ಲಿ ಎಲ್ಲಿ ಉಳಿಯುವುದು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಕ್ಕಳಿಗೆ ರಜೆ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು ಮಂಗಳವಾರ ಬೆಳಿಗ್ಗೆ ವಾಪಸ್ ಬರಬೇಕು. ಉಡುಪಿ, ಮುರುಡೇಶ್ವರ, ಗೋಕರ್ಣ ಮೂರೂ ನೋಡುವ ಆಸೆ. ರೂಮ್ ಎಲ್ಲಿ ಮಾಡುವುದು?
(ವಿಜಯನಗರದ ಓದುಗರೊಬ್ಬರು)

ಮೊದಲು ಗೋಕರ್ಣವನ್ನು ಪಟ್ಟಿಯಿಂದ ತೆಗೆದುಬಿಡಿ. ಮುರುಡೇಶ್ವರವನ್ನೂ. ಅವೆರಡೂ ಉತ್ತರ ಕನ್ನಡ ಜಿಲ್ಲೆಯವು. ಉಡುಪಿಯಿಂದ ಮುರುಡೇಶ್ವರಕ್ಕೇ ಸುಮಾರು 100 ಕಿ.ಮೀ., ಗೋಕರ್ಣಕ್ಕೆ 170ಕ್ಕೂ ಜಾಸ್ತಿ. ಇಷ್ಟನ್ನೂ ಮೂರು ದಿನಕ್ಕೆ ತುರುಕಿದರೆ ಮಕ್ಕಳಿಗೆ ನೆನಪಿರುವುದು ಕಾರಿನ ಕಿಟಕಿ, ಅತ್ತೆಯವರಿಗೆ ಸೊಂಟನೋವು. ಉಡುಪಿ ಜಿಲ್ಲೆಯೊಂದೇ ಸಾಕು. ಒಂದೇ ಮನೆ, ಎರಡು ರಾತ್ರಿ.

ಯಾವ ಮನೆ ಅನ್ನುವುದಕ್ಕೆ ನಾನು ಮೋಸಹೋದ ಕಥೆಯಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಫೋಟೊ ನೋಡಿ ಒಂದು ಹೋಂಸ್ಟೇ ಬುಕ್ ಮಾಡಿದ್ದೆ. ‘ಸಮುದ್ರಕ್ಕೆ 400 ಮೀಟರ್’ ಅಂತ ಬರೆದಿದ್ದರು. ಹೋಗಿ ನೋಡಿದರೆ ಹಿತ್ತಲ ಬೇಲಿಯಾಚೆ ಹೊಳೆ, ಹೊಳೆಯಾಚೆ ತೆಂಗಿನ ಸಾಲು, ಅದರಾಚೆ ಸಮುದ್ರ. ರಾತ್ರಿಯಿಡೀ ಅಲೆಯ ಸದ್ದು ಕೇಳುತ್ತಿತ್ತು. ಕಾಲು ಒದ್ದೆ ಮಾಡಿಕೊಳ್ಳಬೇಕು ಅಂದರೆ ಮಾತ್ರ ಸೇತುವೆ ಸುತ್ತಿಕೊಂಡು ಆರೇಳು ಕಿಲೋಮೀಟರ್ ಹೋಗಬೇಕು. ಕೇಳಿದ್ದಕ್ಕೆ ಮನೆಯವರು, “ಕಾಗೆಗೆ 400 ಮೀಟರೇ ಮಾರಾಯ್ರೆ” ಅಂದರು. ಸುಳ್ಳು ಹೇಳಿದರು ಅನ್ನುವ ಹಾಗೂ ಇಲ್ಲ!

ಇದು ಒಂದು ಮನೆಯ ಕಥೆಯಲ್ಲ, ಆ ಕರಾವಳಿ ಇರುವುದೇ ಹಾಗೆ. ಘಟ್ಟದಿಂದ ಇಳಿದ ಹೊಳೆ ನೇರ ಸಮುದ್ರಕ್ಕೆ ಬೀಳುವುದಿಲ್ಲ. ದಂಡೆಯಲ್ಲಿ ಅಲೆಗಳು ಮರಳಿನ ದಿಬ್ಬ ಕಟ್ಟಿರುತ್ತವೆ. ಹೊಳೆ ಅದಕ್ಕೆ ಅಡ್ಡಬಿದ್ದು, ತಿರುಗಿ, ಸಮುದ್ರದ ಪಕ್ಕದಲ್ಲೇ ಒಂದಷ್ಟು ದೂರ ಹರಿದು ಆಮೇಲೆ ಅಳಿವೆ, ಅಂದರೆ ಸಮುದ್ರ ಸೇರುವ ಬಾಯಿ, ಹುಡುಕಿಕೊಳ್ಳುತ್ತದೆ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ನದಿ ಅಷ್ಟು ಹತ್ತಿರ ಬಂದೂ ಅಲ್ಲಿ ಸಮುದ್ರ ಸೇರದೆ ದಕ್ಷಿಣಕ್ಕೆ ಗಂಗೊಳ್ಳಿಯವರೆಗೆ ಹೋಗುತ್ತದೆ. ಮಲ್ಪೆಯ ದಕ್ಷಿಣಕ್ಕಿರುವ ಪಡುಕೆರೆಯದೂ ಇಂಥದ್ದೇ ಆಟ, ಅಲ್ಲಿ ಉದ್ಯಾವರ ಹೊಳೆ. ಹೂಡೆಯಾಚೆಯ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುತ್ತವೆ.

ಹಾಗಾಗಿ ಬುಕ್ ಮಾಡುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು ‘ಬೀಚ್ ವ್ಯೂ ಇದೆಯಾ’ ಅಂತಲ್ಲ. ‘ಮನೆ ಹೊಳೆಯ ಯಾವ ಕಡೆ’ ಅಂತ. ಆಮೇಲೆ ‘ಹೆದ್ದಾರಿಯಿಂದ ಎಷ್ಟು ದೂರ’ ಅಂತ. 66ರ ಪಕ್ಕದ ರೂಮಾದರೆ ರಾತ್ರಿಯಿಡೀ ಲಾರಿಗಳದ್ದೇ ಜೋಗುಳ. ಊಟ ಮನೆಯಲ್ಲೇ ಸಿಗುತ್ತದಾ, ಹೆಂಚಿನ ಮನೆಯಾದರೆ ಮೆಟ್ಟಿಲು ಎಷ್ಟು ಕಡಿದು, ಇದನ್ನೂ ಅತ್ತೆಯವರಿಗಾಗಿ ಕೇಳಿಬಿಡಿ.

ನಿಮ್ಮ ಮನೆಮಂದಿಗೆ ನನ್ನ ಆಯ್ಕೆ ಪಡುಕೆರೆ, ಹೊಳೆಗೂ ಸಮುದ್ರಕ್ಕೂ ನಡುವಿನ ಪಟ್ಟಿಯಲ್ಲಿ. ಮಲ್ಪೆ ಬೀಚಿನ ಜಾತ್ರೆ ಅಲ್ಲಿಲ್ಲ, ಆದರೂ ಉಡುಪಿ ಪೇಟೆ ಹತ್ತಿರವೇ. ಅತ್ತೆಯವರಿಗೆ ಮಠ, ಕನಕನ ಕಿಂಡಿ, ರಥಬೀದಿ. ಮಕ್ಕಳಿಗೆ ಮರಳು. ಮಾತೇ ಬೇಡ, ಸುಮ್ನೆ ಕೂತರೆ ಸಾಕು ಅನ್ನುವವರು ಕುಂದಾಪುರ ದಾಟಿ ತ್ರಾಸಿ, ಮರವಂತೆ ಕಡೆಗೆ ಹೋಗಲಿ. ಅಲ್ಲಿಂದ ಕೊಲ್ಲೂರೂ ಹತ್ತಿರ.

ಹೋಗುವುದಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಿರಿ. ಸಂಜೆ ಬೆಂಗಳೂರು ಬಿಟ್ಟರೆ ಬೆಳಕು ಹರಿಯುವ ಮೊದಲೇ ಉಡುಪಿ. ಶುಕ್ರವಾರ ಸಂಜೆ ನೆಲಮಂಗಲ ದಾಟುವ ಸಂಕಟ ತಪ್ಪುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಚಂದದ ಘಟ್ಟ ಕತ್ತಲಲ್ಲೇ ಕಳೆದುಹೋಗುತ್ತದೆ ಅನ್ನುವುದೊಂದೇ ಬೇಜಾರು. ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ರಜೆಯ ವಾರಕ್ಕೆ ಅವತ್ತೇ ಮಾಡಿಸಿ. ಅಷ್ಟು ಬೇಗ ರೂಮ್ ಕೊಡುತ್ತಾರಾ ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ಇಂದ್ರಾಳಿ ಸ್ಟೇಷನ್ನಿನ ಬೆಂಚೇ ಗತಿ. ರೂಮ್ ಸಿಗದಿದ್ದರೆ ಆಟೋ ಹಿಡಿದು ರಥಬೀದಿಗೆ ಹೋಗಿ, ದರ್ಶನ ಮುಗಿಸಿ ಬನ್ಸ್ ತಿನ್ನಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆ. ಬೆಳಿಗ್ಗೆಯೇ ಹೋಗಿ, ಅಲ್ಲಿ ನೆರಳು ಕಡಿಮೆ. ಯಾರೋ ಉಳಿ ಹಿಡಿದು ಕೆತ್ತಿದಂತೆ ಐದು, ಆರು ಮೂಲೆಯ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕುಬಿಟ್ಟು ಆದ ಆಕಾರ ಅದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು. ದೋಣಿ ಹತ್ತಿ ಇಳಿಯುವುದು ಮಂಡಿನೋವಿನವರಿಗೆ ಸಲೀಸಲ್ಲ. ಅತ್ತೆಯವರು ದಡದಲ್ಲೇ ಬೊಂಡ ಕುಡಿಯುತ್ತ ಕೂರಲಿ. ಬೊಂಡ ಅಂದರೆ ಅಲ್ಲಿ ಎಳನೀರು. ನಮ್ಮ ಹುಡುಗ ಮೊದಲ ಸಲ ಬೊಂಡ ಅಂತ ಕೇಳಿ ಚಟ್ನಿ ಎಲ್ಲಿ ಅಂದಿದ್ದ.

ಮಳೆಗಾಲದಲ್ಲಿ ಈ ದೋಣಿ ಇರುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಡಿಸೆಂಬರ್‌ನಲ್ಲಿ ಆ ಚಿಂತೆ ಇಲ್ಲ, ಬಂಗುಡೆ, ಕಾಣೆ ತಾಜಾ ಸಿಗುತ್ತವೆ. ಯಕ್ಷಗಾನ ಮೇಳಗಳೂ ತಿರುಗಾಟದಲ್ಲಿರುತ್ತವೆ. ಹತ್ತಿರದಲ್ಲಿ ಹರಕೆ ಆಟ, ಅಂದರೆ ಯಾರಾದರೂ ಹರಕೆ ಹೊತ್ತು ಆಡಿಸುವ ಯಕ್ಷಗಾನ, ಇದೆಯಾ ಅಂತ ಮನೆಯವರನ್ನೇ ಕೇಳಿ. ಬಯಲಾಟಕ್ಕೆ ಟಿಕೆಟ್ ಇಲ್ಲ, ಹೋಗಿ ಕೂತರಾಯಿತು. ನೀರಿಗೆ ಇಳಿಯುವ ಮೊದಲು ಮಾತ್ರ ಜೀವರಕ್ಷಕರಿದ್ದಾರಾ ನೋಡಿಕೊಳ್ಳಿ. ಪಡುಕೆರೆಯಲ್ಲಿ ಜನ ಕಡಿಮೆ, ಹಾಗಾಗಿ ಮಕ್ಕಳನ್ನು ಮೊಣಕಾಲು ನೀರಿನಾಚೆ ಬಿಡಬೇಡಿ.

ಹೊರಡುವ ದಿನ ದಂಡೆಯ ರಸ್ತೆಯಲ್ಲೇ ದಕ್ಷಿಣಕ್ಕೆ ಹೋದರೆ ಮಟ್ಟು ಸಿಗುತ್ತದೆ. ಮಟ್ಟುಗುಳ್ಳದ ಊರು. ಹಸಿರು ಬಣ್ಣದ, ದುಂಡಗಿನ ಬದನೆ, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದದ್ದು. ಗುಳ್ಳ ಬಂದಿದ್ದರೆ ಅತ್ತೆಯವರೇ ಆರಿಸಿ ಎರಡು ಕೆ.ಜಿ. ತರಲಿ. ಅದರ ಹುಳಿ ತಿಂದವರು ಆಮೇಲೆ ಬೇರೆ ಬದನೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ರೈಲಿನಲ್ಲಿ ಮಾತ್ರ ಆ ಚೀಲವನ್ನು ಸೀಟಿನಡಿಗೆ ತಳ್ಳಬೇಡಿ, ತಲೆದೆಸೆಯಲ್ಲೇ ಇಟ್ಟುಕೊಳ್ಳಿ.