ಶರಾವತಿಯ ನೀರನ್ನು ಯೂನಿಟ್ಟಿನಲ್ಲಿ ಎಣಿಸಿದರೆ

"ಕರೆಂಟು ತೆಗೆದ ಮೇಲೆ ನೀರಿನ ಸತ್ವ ಹೋಗ್ತದಲ್ಲ ಸಾರ್, ಅದು ಗದ್ದೆಗೆ ಆಗ್ತದಾ?" ಪವರ್‌ಹೌಸ್ ನೋಡಲು ಬರುವ ರೈತರು ಈಗಲೂ ಹೀಗೆ ಕೇಳುವುದುಂಟು. ನಗುವವರು ನಗುತ್ತಾರೆ. ನನಗೆ ಈ ಪ್ರಶ್ನೆಯ ಮೇಲೆ ಗೌರವವಿದೆ. ಕರೆಂಟು ಬಿಟ್ಟಿ ಹುಟ್ಟುವುದಿಲ್ಲ, ನೀರು ಏನನ್ನಾದರೂ ಕಳೆದುಕೊಂಡಿರಲೇಬೇಕು ಎಂಬ ತಿಳಿವಳಿಕೆ ಅದರೊಳಗಿದೆ. ಕಳೆದುಕೊಳ್ಳುವುದು ಎತ್ತರವನ್ನು. ಮೇಲಿದ್ದ ನೀರು ಇಳಿಯುವಾಗಿನ ರಭಸ ಟರ್ಬೈನನ್ನು ತಿರುಗಿಸುತ್ತದೆ; ಹೊರಬಂದ ನೀರು ಗದ್ದೆಗೂ ಆಗುತ್ತದೆ, ಕುಡಿಯಲೂ ಆಗುತ್ತದೆ.

ಹಾಗಾಗಿಯೇ ಶರಾವತಿಯ ನೀರು ಒಂದೇ ದಾರಿಯಲ್ಲಿ ಮೂರು ಸಲ ದುಡಿಯುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಹೊರಡುವಾಗ 55 ಮೆಗಾವಾಟ್, ಅದರ ಕೆಳಗಿನ ತಲಕಳಲೆ ಜಲಾಶಯದಿಂದ ಕೊಳವೆಗಳಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರ ಸೇರಿದಾಗ 1035, ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ 240. ಲಿಂಗನಮಕ್ಕಿಯಲ್ಲಿ ಹಿಡಿಯುವುದು ಸುಮಾರು 151 ಟಿಎಂಸಿ. ಆಲಮಟ್ಟಿಯಲ್ಲೂ ಸುಮಾರು 123 ಟಿಎಂಸಿ ಇದೆ, ಆದರೆ ಅಲ್ಲಿನ ಪವರ್‌ಹೌಸ್ 290 ಮೆಗಾವಾಟ್‌ನದು. ಕೃಷ್ಣೆಗೆ ಅಲ್ಲಿ ಬೀಳಲು ಎತ್ತರವೇ ಕಡಿಮೆ. ತಲಕಳಲೆಯಿಂದ ನೀರು 440 ಮೀಟರಿನಷ್ಟು ಇಳಿಯುತ್ತದೆ. ನಿಮ್ಮ ಮನೆ ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ಅಷ್ಟು ಎತ್ತರದಿಂದ ಖಾಲಿಯಾದರೆ ಹೆಚ್ಚುಕಡಿಮೆ ಒಂದು ಯೂನಿಟ್ ಸಿಗುತ್ತದೆ. ಆಲಮಟ್ಟಿಯಲ್ಲಿ ಅದೇ ಒಂದು ಯೂನಿಟ್ಟಿಗೆ ಹತ್ತಕ್ಕೂ ಹೆಚ್ಚು ಟ್ಯಾಂಕು ಬೇಕು.

ಲಿಂಗನಮಕ್ಕಿ ಜಲಾಶಯ ತುಂಬಿ 1819 ಅಡಿ ಮುಟ್ಟಿತೆಂದು ಸುದ್ದಿ ಬಂದ ದಿನ, ಇನ್ನು ಕರೆಂಟಿಗೆ ಬರವಿಲ್ಲ ಎಂದು ಜನ ನಿಟ್ಟುಸಿರು ಬಿಡುತ್ತಾರೆ. ಅವರೊಂದಿಗೆ ನಾನೂ ಸಂತೋಷಪಡುತ್ತೇನೆ, ಆದರೆ ಲೆಕ್ಕ ಬೇರೆಯೇ ಇದೆ. ತುಂಬಿದ ಲಿಂಗನಮಕ್ಕಿ ಎಂದರೆ ಸುಮಾರು 450 ಕೋಟಿ ಯೂನಿಟ್. ಶರಾವತಿಯ ಹತ್ತೂ ಯಂತ್ರಗಳು ಹಗಲೂ ರಾತ್ರಿ ಪೂರ್ತಿ ಓಡಿದರೆ ದಿನಕ್ಕೆ ಎರಡೂವರೆ ಕೋಟಿ ಯೂನಿಟ್ಟಿನ ನೀರು ಇಳಿದುಹೋಗುತ್ತದೆ. ಆರು ತಿಂಗಳಿಗೆ ತಳ ಕಾಣುತ್ತದೆ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದರೆ ಮುಂದಿನ ಮುಂಗಾರಿಗೆ ಎಂಟು ತಿಂಗಳು ಕಾಯಬೇಕು. 1035 ಮೆಗಾವಾಟ್ ಎಂಬುದು ಯಂತ್ರದ ಕಸುವು ಮಾತ್ರ; ಅದು ಎಷ್ಟು ಗಂಟೆ ಓಡಬಲ್ಲದು ಎಂಬುದನ್ನು ಮಳೆ ತೀರ್ಮಾನಿಸುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಅಕ್ಟೋಬರಿನಲ್ಲೇ ರಾಜ್ಯ ಕರೆಂಟಿಗೆ ಪರದಾಡಿದ್ದು ನೆನಪಿರಬಹುದು.

ಹಾಗಾದರೆ ಈ ನೀರನ್ನು ಯಾವಾಗ ಬಳಸಬೇಕು? ಹಗಲು ಪಾವಗಡದ ಸೋಲಾರ್ ಪಾರ್ಕ್ ಒಂದರಲ್ಲೇ 2050 ಮೆಗಾವಾಟ್ ಸಾಮರ್ಥ್ಯವಿದೆ. ಸಂಜೆ ಆರರ ಹೊತ್ತಿಗೆ ಅದು ಸೊನ್ನೆಗೆ ಇಳಿಯುತ್ತದೆ, ಅದೇ ಹೊತ್ತಿಗೆ ಊರೆಲ್ಲ ದೀಪ ಹಚ್ಚುತ್ತದೆ. ತಣ್ಣಗಾದ ಕಲ್ಲಿದ್ದಲು ಘಟಕವನ್ನು ಎಬ್ಬಿಸಲು ಹಲವು ಗಂಟೆ ಬೇಕು. ನೀರಿನ ಯಂತ್ರ ನಿಂತಲ್ಲಿಂದ ಕೆಲವೇ ನಿಮಿಷಗಳಲ್ಲಿ ಪೂರ್ತಿ ಲೋಡ್ ಹೊರುತ್ತದೆ. ಜಲಾಶಯ ತುಂಬಿ ಗೇಟು ತೆರೆಯುವ ದಿನಗಳಲ್ಲಿ ಎಲ್ಲ ಯಂತ್ರ ಓಡಿಸಲಿ, ತಪ್ಪಿಲ್ಲ. ಉಳಿದ ದಿನಗಳಲ್ಲಿ ಬಿಸಿಲಿರುವ ಮಧ್ಯಾಹ್ನ ಶರಾವತಿಯ ನೀರು ಇಳಿಸುವುದು ದುಂದು ಎಂದೇ ನನ್ನ ಅಭಿಪ್ರಾಯ. ಅದು ಸಂಜೆಯ ನೀರು, ಮಾರ್ಚ್ ಏಪ್ರಿಲ್‌ನ ನೀರು.

ಈ ಎತ್ತರಕ್ಕೆ ಬೆಲೆ ತೆತ್ತವರೂ ಇದ್ದಾರೆ. ಹಿನ್ನೀರಿನಲ್ಲಿ ಊರು, ಗದ್ದೆ, ತೋಟ ಮುಳುಗಿಸಿಕೊಂಡವರ ಕಡೆಗೆ ಒಂದು ಸೇತುವೆ ಬರಲು 2025ರ ಜುಲೈ ಆಗಬೇಕಾಯಿತು. ಅಲ್ಲಿಯವರೆಗೆ ತುಮರಿ ಸೀಮೆಯವರಿಗೆ ಲಾಂಚೇ ಗತಿ. ಜಲವಿದ್ಯುತ್ ಅಗ್ಗ ಎನ್ನುವಾಗ ಈ ಖರ್ಚನ್ನು ನಾವು ಬರೆದುಕೊಂಡಿಲ್ಲ.

ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಆಗಾಗ ತಲೆ ಎತ್ತುತ್ತದೆ, ಮಲೆನಾಡು ಬೀದಿಗಿಳಿಯುತ್ತದೆ. ಅಲ್ಲಿಯೂ ಎತ್ತರವನ್ನೇ ನೋಡಿ. ತುಂಬಿದ ಜಲಾಶಯ ಸಮುದ್ರಮಟ್ಟದಿಂದ 554 ಮೀಟರ್ ಮೇಲಿದ್ದರೆ ಬೆಂಗಳೂರು ಇರುವುದು 900ರ ಆಸುಪಾಸಿನಲ್ಲಿ. ಒಂದು ಟ್ಯಾಂಕು ನೀರನ್ನು ಅಲ್ಲಿಗೆ ಎತ್ತಲು, ಪೈಪಿನೊಳಗಿನ ಘರ್ಷಣೆ ಬಿಟ್ಟರೂ, ಒಂದು ಯೂನಿಟ್ಟಿಗಿಂತ ಹೆಚ್ಚು ಬೇಕು. ಅದೇ ನೀರು ಕೆಳಗಿಳಿದಿದ್ದರೆ ಕೊಡುತ್ತಿದ್ದ ಒಂದು ಯೂನಿಟ್ ಬೇರೆ ಕೈತಪ್ಪುತ್ತದೆ. ಟ್ಯಾಂಕಿಗೆ ಎರಡು ಯೂನಿಟ್ಟಿಗೂ ಮೀರಿದ ಈ ಹೊರೆಯನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ಬರೆಯಬೇಕು.