ಡ್ಯೂಟಿ ರೂಮಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇರಲಿ

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೊಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಹಾಕಿ, ಪರದೆ ನೋಡುತ್ತಾ ಮಾಡುವ ಆಪರೇಷನ್) ಮಾಡೋಣ ಅಂದರೆ ಮಂಗಳೂರಿನ ರೋಗಿಗಳು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಒಂದು, ಮೀನು ತಿನ್ನುವುದು ಯಾವಾಗಿನಿಂದ? ಇನ್ನೊಂದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ. “ಡಾಕ್ಟ್ರೇ, ಆಪರೇಷನ್ ನೀವೇ ಮಾಡುದಲ್ವಾ? ಕಲಿಯುವ ಮಕ್ಕಳ ಕೈಗೆ ಕೊಡುದಿಲ್ಲ ಅಲ್ವಾ?”

ಎರಡನೆಯದು ನ್ಯಾಯವಾದ ಪ್ರಶ್ನೆ. ಪಿಜಿ ವಿದ್ಯಾರ್ಥಿಗಳು ಎಲ್ಲಾದರೂ ಕಲಿಯಲೇಬೇಕು. ಆದರೆ ಉಪಕರಣ ಹಿಡಿದು ಕೈ ಪಳಗಿಸಿಕೊಳ್ಳುವುದು ರೋಗಿಯ ಹೊಟ್ಟೆಯೊಳಗೇ ಶುರುವಾಗಬೇಕಾಗಿಲ್ಲ. ಹತ್ತಾರು ಲಕ್ಷದ ಕಂಪ್ಯೂಟರ್ ಯಂತ್ರವೂ ಬೇಕಾಗಿಲ್ಲ. ಬಂದರಿನ ಅಂಗಡಿಗಳಲ್ಲಿ ಸಿಗುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದು ಹಳೆಯ ಮೊಬೈಲ್, ಒಂದು ಟಿವಿ ಸಾಕು.

ತೆರೆದ ಆಪರೇಷನ್ ಚೆನ್ನಾಗಿ ಮಾಡುವವರೂ ಲ್ಯಾಪ್ರೊಸ್ಕೋಪಿಯಲ್ಲಿ ಮೊದಮೊದಲು ತಡವರಿಸುತ್ತಾರೆ. ಕಾರಣ ಇದೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿ, 5 ಮತ್ತು 10 ಮಿಲಿಮೀಟರಿನ ಕೊಳವೆಗಳ ಮೂಲಕ ನಾವು ಒಳಗೆ ಹೋಗುತ್ತೇವೆ. ಉಪಕರಣ ಆ ತೂತಿನಲ್ಲೇ ತಿರುಗಬೇಕು. ಹಾಗಾಗಿ ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಕೈ ಎತ್ತಿದರೆ ತುದಿ ಇಳಿಯುತ್ತದೆ. ಪರದೆಯ ಚಿತ್ರ ಚಪ್ಪಟೆ, ಆಳ ತಿಳಿಯುವುದಿಲ್ಲ. ಉಡುಪಿ ಹತ್ತಿರದ ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಹೆಂಗಸರು ಟಿವಿ ನೋಡುತ್ತಲೇ ಹೂವಿನ ಚೆಂಡು ಮುಗಿಸುತ್ತಾರೆ. ಮೊಗ್ಗು ಎಲ್ಲಿದೆ ಅಂತ ಬೆರಳಿಗೇ ಗೊತ್ತು. ನಮ್ಮ ಕಣ್ಣೂ ಪರದೆಯ ಮೇಲೇ ಇರುತ್ತದೆ, ಆದರೆ ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ನಡುವೆ ಒಂದಡಿಗಿಂತ ಉದ್ದದ ಸರಳು ಇದೆಯಲ್ಲ! ಈ ತಿರುವುಮುರುವನ್ನು ಪಾಠ ಹೇಳಿ ಕಲಿಸಲು ಆಗುವುದಿಲ್ಲ. ಮಾಡಿ ಮಾಡಿಯೇ ಕೈಗೆ ಹತ್ತಬೇಕು.

ಡಬ್ಬಿ ಮಾಡುವುದು ಕಷ್ಟವಲ್ಲ. ಮುಚ್ಚಳದಲ್ಲಿ ಎರಡು ತೂತು ಕೊರೆದು, ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಸಣ್ಣ ಸೀಳು ಹಾಕಿ. ಒಳಗೆ ಎಲ್‌ಇಡಿ ಪಟ್ಟಿ ಹಚ್ಚಿ. ಎರಡು ತೂತುಗಳ ನಡುವೆ ಮೊಬೈಲ್ ಕ್ಯಾಮೆರಾ ಕೂರಿಸಿ, ಟಿವಿಗೆ ಕೇಬಲ್‌ನಲ್ಲೇ ಜೋಡಿಸಿ. ವೈಫೈ ಮೂಲಕ ಕಳಿಸಿದರೆ ಚಿತ್ರ ತುಸು ತಡವಾಗಿ ಬರುತ್ತದೆ. ಆ ತಡಕ್ಕೆ ಕೈ ಒಗ್ಗಿಹೋದರೆ ಡಬ್ಬಿ ಇಲ್ಲದಿರುವುದೇ ವಾಸಿ. ಗ್ರಾಸ್ಪರ್ (ಹಿಡಿದೆಳೆಯುವ ಚಿಮುಟ), ಕತ್ತರಿ, ನೀಡಲ್ ಹೋಲ್ಡರ್‌ಗೆ ಒ.ಟಿ.ಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಸವೆದು ಪಕ್ಕಕ್ಕಿಟ್ಟವನ್ನೇ ತೊಳೆದು, ಸ್ಟೆರಿಲೈಸ್ ಮಾಡಿಸಿ ತೆಗೆದುಕೊಳ್ಳಿ. ಅವಧಿ ಮೀರಿದ ಹೊಲಿಗೆ ದಾರ ಸ್ಟೋರಿನಲ್ಲಿ ಕೇಳಿದರೆ ಸಿಗುತ್ತದೆ. ಮೊಬೈಲ್, ಟಿವಿ ಇದ್ದರೆ ಉಳಿದದ್ದಕ್ಕೆ ಸಾವಿರ ರೂಪಾಯಿ ಧಾರಾಳ ಸಾಕು.

ಒಂದು ವಿಷಯದಲ್ಲಿ ಮಾತ್ರ ಅಂದಾಜು ಬೇಡ. ಎರಡು ಉಪಕರಣಗಳು ಒಳಗೆ ಸೇರುವ ಕೋನ ಸುಮಾರು 60 ಡಿಗ್ರಿ ಇರಬೇಕು. ತೂತುಗಳು ತೀರಾ ಹತ್ತಿರವಾದರೆ ಕತ್ತಿ ವರಸೆ ಶುರುವಾಗುತ್ತದೆ. ಪರದೆ ನೇರ ಎದುರಿಗೆ, ಕಣ್ಣಿಗಿಂತ ತುಸು ಕೆಳಗೆ ಇರಲಿ. ಡಬ್ಬಿಯನ್ನು ಸಾಧಾರಣ ಮೇಜಿನ ಮೇಲಿಟ್ಟರೆ ಮೊಣಕೈ ಮೇಲೇಳುತ್ತದೆ, ಭುಜ ನೋಯುತ್ತದೆ. ತಗ್ಗಿನ ಸ್ಟೂಲ್ ಒಳ್ಳೆಯದು.

ಏನು ಅಭ್ಯಾಸ ಮಾಡುವುದು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪಾಠಕ್ರಮವನ್ನು ಅಮೆರಿಕದ ಸೇಜಸ್ ಎಂಬ ಸರ್ಜನ್ನರ ಸಂಸ್ಥೆ 2004ರಲ್ಲಿ ಎಫ್‌ಎಲ್‌ಎಸ್ (ಲ್ಯಾಪ್ರೊಸ್ಕೋಪಿಯ ಮೂಲ ಪಾಠಗಳು) ಎಂಬ ಹೆಸರಿನಲ್ಲಿ ಹೊರತಂದಿತು. ಅದರಲ್ಲಿ ಐದು ಕೆಲಸಗಳಿವೆ. ಮೊದಲನೆಯದು ಆರು ಸಣ್ಣ ತುಂಡುಗಳನ್ನು ಗೂಟದಿಂದ ಗೂಟಕ್ಕೆ ಸಾಗಿಸುವುದು. ಎಡಗೈಯಿಂದ ಎತ್ತಿ, ಗಾಳಿಯಲ್ಲೇ ಬಲಗೈಗೆ ಕೊಟ್ಟು, ಆಚೆ ಬದಿಯ ಗೂಟಕ್ಕೆ ಹಾಕಬೇಕು. ಆಮೇಲೆ ಬಲಗೈಯಿಂದ ಎಡಗೈಗೆ, ಎಲ್ಲವೂ ವಾಪಸ್. ಪ್ಲೈವುಡ್ಡಿಗೆ ಮೊಳೆ ಹೊಡೆದು, ರಬ್ಬರ್ ಟ್ಯೂಬಿನ ತುಂಡು ಬಳಸಿದರೂ ನಡೆಯುತ್ತದೆ. ಪರಿಣತರ ಮಟ್ಟ ಅಂತ ಇಟ್ಟುಕೊಂಡ ಗುರಿ 48 ಸೆಕೆಂಡು. ಹೊಸಬರಿಗೆ ಇದರ ಎಷ್ಟೋ ಪಟ್ಟು ಹಿಡಿಯುತ್ತದೆ, ಮುಕ್ಕಾಲು ಪಾಲು ಎಡಗೈಯಿಂದಾಗಿ. ಒಳಗೇ ಗಂಟು ಹಾಕುವ ಕೆಲಸಕ್ಕೆ ಗುರಿ 112 ಸೆಕೆಂಡು. ಕೈಗವಸಿನ ಬೆರಳು ಕತ್ತರಿಸಿ, ಸೀಳಿ, ಅದನ್ನು ಹೊಲಿಯಲಿ. ಆದರೆ ಗಂಟು ಜಾರಿದರೆ ಸಮಯಕ್ಕೆ ಬೆಲೆ ಇಲ್ಲ. ಸುಮ್ನೆ ಗಡಿಯಾರ ನೋಡಿ ಖುಷಿಪಡುವವರೇ ಜಾಸ್ತಿ.

ಇದರಿಂದ ನಿಜವಾದ ಆಪರೇಷನ್ನಿನಲ್ಲಿ ಉಪಯೋಗ ಇದೆಯಾ? ಇದೆ. 2010ರಲ್ಲಿ ಮೆಕ್‌ಗಿಲ್‌ನವರೇ ಪ್ರಕಟಿಸಿದ ಅಧ್ಯಯನದಲ್ಲಿ ಕಿರಿಯ ಸರ್ಜನ್‌ಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಗುರಿ ಮುಟ್ಟುವ ತನಕ ಡಬ್ಬಿಯಲ್ಲಿ ತರಬೇತಿ, ಇನ್ನೊಂದಕ್ಕೆ ಎಂದಿನ ಕೆಲಸ ಮಾತ್ರ. ಪಿತ್ತಕೋಶದ ಆಪರೇಷನ್ನಿನಲ್ಲಿ ತರಬೇತಿ ಪಡೆದವರ ಕೈ ಸ್ಪಷ್ಟವಾಗಿ ಸುಧಾರಿಸಿತ್ತು. “ಗುರಿ ಮುಟ್ಟುವ ತನಕ” ಅನ್ನುವುದನ್ನು ಗಮನಿಸಿ. ಇಷ್ಟು ಗಂಟೆ ಕೂತರೆ ಸರ್ಟಿಫಿಕೇಟು ಅನ್ನುವ ಲೆಕ್ಕ ಅಲ್ಲ.

ನನ್ನ ತಕರಾರು ಇಲ್ಲೇ. ವೈದ್ಯಕೀಯ ಕಾಲೇಜಿನಲ್ಲಿ ಸ್ಕಿಲ್ ಲ್ಯಾಬ್ ಇರಬೇಕು ಅಂತ ನಿಯಮ ಇದೆ, ಲ್ಯಾಬೂ ಇರುತ್ತದೆ. ಸಂಜೆ ಐದಕ್ಕೆ ಬೀಗ. ಪಿಜಿಗಳಿಗೆ ಬಿಡುವು ಸಿಗುವುದು ರಾತ್ರಿ ಎಮರ್ಜೆನ್ಸಿ ಕೇಸುಗಳ ನಡುವೆ. ಬೆಲೆಬಾಳುವ ಯಂತ್ರ ಆಗ ಕತ್ತಲೆಯಲ್ಲಿ ಕೂತಿರುತ್ತದೆ. ಕೌಶಲ ಕೂರುವುದು ದಿನಾ ಹದಿನೈದು ಇಪ್ಪತ್ತು ನಿಮಿಷದ ಅಭ್ಯಾಸದಿಂದ. ಒಂದು ಭಾನುವಾರ ಇಡೀ ದಿನದ ವರ್ಕ್‌ಶಾಪ್ ಮಾಡಿ, ಊಟ ಹಾಕಿ, ಫೋಟೊ ಹೊಡೆಸಿಕೊಂಡರೆ ಕೂರುವುದಿಲ್ಲ. ಅದಕ್ಕೇ ಡಬ್ಬಿ ಡ್ಯೂಟಿ ರೂಮಿನಲ್ಲಿರಬೇಕು, ಚಹಾ ಲೋಟದ ಪಕ್ಕದಲ್ಲಿ. ವಾರಕ್ಕೊಮ್ಮೆ ಹಿರಿಯರೊಬ್ಬರು ನಿಂತು ನೋಡಬೇಕು. ಮೊಬೈಲ್ ಹೇಗೂ ರೆಕಾರ್ಡ್ ಮಾಡುತ್ತದೆ, ವಿಡಿಯೊ ನೋಡಿ ತಿದ್ದಿದರೂ ಆಯಿತು. ಯಾರೂ ನೋಡದಿದ್ದರೆ ತಪ್ಪು ವರಸೆಯೇ ಗಟ್ಟಿಯಾಗುತ್ತದೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಡಬ್ಬಿಗೆ ಬರ ಇಲ್ಲ, ಹೀಗೆ ನಿಂತು ನೋಡುವ ಹಿರಿಯರಿಗೆ ಬರ.

ಡಬ್ಬಿ ಎಲ್ಲವನ್ನೂ ಕಲಿಸುವುದಿಲ್ಲ. ಅಂಟಿಸಿಟ್ಟ ಮೊಬೈಲಿನಿಂದ 30 ಡಿಗ್ರಿ ಟೆಲಿಸ್ಕೋಪ್ (ಓರೆಯಾಗಿ ನೋಡುವ ಕ್ಯಾಮೆರಾ ಕೊಳವೆ) ತಿರುಗಿಸುವುದು ಬರುವುದಿಲ್ಲ. ಅದನ್ನು ಒ.ಟಿ.ಯಲ್ಲಿ ಕ್ಯಾಮೆರಾ ಹಿಡಿದೇ ಕಲಿಯಬೇಕು. ರಕ್ತ ಚಿಮ್ಮಿದಾಗ ಏನು ಮಾಡಬೇಕು, ಪಿತ್ತಕೋಶದ ನಾಳ ಇದೇ ಅಂತ ಖಾತ್ರಿಯಾಗುವ ಮೊದಲು ಕ್ಲಿಪ್ ಹಾಕದೆ ಎಲ್ಲಿ ನಿಲ್ಲಬೇಕು, ಇದನ್ನು ರಬ್ಬರ್ ತುಂಡು ಹೇಳಿಕೊಡುವುದಿಲ್ಲ. ಅಂಗಾಂಶವನ್ನು ಎಳೆದು ಬಿಡಿಸುವ ಹದಕ್ಕೆ ಮಾತ್ರ ಅಗ್ಗದ ಉಪಾಯ ಉಂಟು. ಚರ್ಮ ಸಹಿತ ಕೋಳಿ ಕಾಲು ತಂದು, ಮಾಂಸ ಹರಿಯದಂತೆ ಚರ್ಮ ಬಿಡಿಸಲು ಹೇಳಿ. ಎಡಗೈಯ ಎಳೆತ ಎಷ್ಟಿರಬೇಕು ಅಂತ ಅರ್ಥವಾಗುತ್ತದೆ. ಡಬ್ಬಿಯ ಉಪಕರಣಗಳಿಗೆಲ್ಲ ಮೊದಲೇ ಕೆಂಪು ಟೇಪ್ ಸುತ್ತಿಡಿ. ಕೋಳಿ ಮುಟ್ಟಿದ ಗ್ರಾಸ್ಪರ್ ಅಪ್ಪಿತಪ್ಪಿಯೂ ಒ.ಟಿ. ಟ್ರೇಗೆ ವಾಪಸ್ ಹೋಗಬಾರದು.